ಯಾತ್ರೆಗೆ ಮುನ್ನಿನ ಓದು: ಚೀನಾ ಮತ್ತು ಬೌದ್ಧಧರ್ಮದ ಅಧ್ಯಯನವನ್ನು ಕುರಿತು

ಇತಿಹಾಸದ ವಿದ್ಯಾರ್ಥಿಯು ಪರದೇಶವೊಂದಕ್ಕೆ ಹೊರಡುವ ಮುನ್ನ ಆ ದೇಶವನ್ನು ಕುರಿತು ನಾಲ್ಕು ಗ್ರಂಥಗಳನ್ನು ಓದಿಕೊಳ್ಳುವುದು ರೂಢಿ. ಚೀನಾಕ್ಕೆ ಹೋಗುವ ನಮ್ಮವರಿಗೆ ಈ ಓದು ಸುಲಭವೆಂದು ತೋರುತ್ತದೆ. ಬೌದ್ಧಧರ್ಮವು ನಮ್ಮ ನೆಲದಲ್ಲಿ ಹುಟ್ಟಿ ಅಲ್ಲಿಗೆ ಹೋದದ್ದು. ಅಲ್ಲಿನ ಯಾತ್ರಿಕರ ಹೆಸರುಗಳು ಶಾಲೆಯ ಪಠ್ಯಗಳಿಂದಲೇ ನಮಗೆ ಪರಿಚಿತವಾದವು. ಆದರೆ ಈ ಪರಿಚಯವೇ ಒಂದು ತೊಡಕಾಗಿದೆ. ಒಬ್ಬ ಸೈನಿಕನನ್ನೂ ಕಳುಹಿಸದೆ ಭಾರತವು ಚೀನಾವನ್ನು ಗೆದ್ದಿತೆಂಬ ಮಾತನ್ನು ನಾವು ಸಭೆಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಆ ಮಾತನ್ನು ನಂಬಿ ಹೊರಟವನು ಲೋಯಾಂಗಿನಲ್ಲಿಯೂ ದುನ್‌ಹುವಾಂಗಿನಲ್ಲಿಯೂ ಭಾರತವನ್ನೇ ಕಂಡು ಹಿಂದಿರುಗುವನು. ಚೀನಾ ಅವನ ಕಣ್ಣಿಗೆ ಬೀಳುವುದಿಲ್ಲ. ಹಾಗಾದರೆ ಯಾತ್ರೆಗೆ ಮುನ್ನ ಹೇಗೆ ಓದಬೇಕು? ಈ ಪ್ರಶ್ನೆಗೆ ಉತ್ತರವನ್ನು ಆ ಪ್ರಾಚೀನ ಯಾತ್ರಿಕರಿಂದಲೇ ಪಡೆಯಬಹುದು. ಅವರೂ ಓದಿಯೇ ಹೊರಟವರು. ತಮ್ಮ ಓದಿನಲ್ಲಿ ಒಂದು ಕೊರತೆಯನ್ನು ಕಂಡುಕೊಂಡು, ಅದನ್ನು ತುಂಬಿಕೊಳ್ಳಲು ಹೊರಟವರು. ಅವರ ನಿದರ್ಶನವನ್ನು ಪರಿಶೀಲಿಸಿ, ಅದು ಇಂದಿನ ಓದುಗನಿಗೆ ಏನನ್ನು ಕಲಿಸುತ್ತದೆಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅವರ ಕೈಯಲ್ಲಿದ್ದ ಗ್ರಂಥಗಳ ಸ್ಥಿತಿಯನ್ನು ನೋಡೋಣ. ಬೌದ್ಧ ಗ್ರಂಥಗಳ ಚೀನೀ ಅನುವಾದವು ಕ್ರಮಬದ್ಧವಾಗಿ ಮೊದಲಾದದ್ದು ಕ್ರಿ.ಶ. ಎರಡನೆಯ ಶತಮಾನದಲ್ಲಿ. ಸುಮಾರು ೧೪೮ರಲ್ಲಿ ಲೋಯಾಂಗಿಗೆ ಬಂದ ಆನ್ ಷಿಗಾವೊ ಎಂಬವನು ಪಾರ್ಥಿಯಾದವನು. ಅವನ ತರುವಾಯ ಬಂದ ಲೋಕಕ್ಷೇಮನು ಯೂಚಿ ಜನಾಂಗದವನು. ಭಾರತದ ಧರ್ಮವು ಚೀನಾವನ್ನು ಮುಟ್ಟಿದ್ದು ಬಹುಮಟ್ಟಿಗೆ ಇಂತಹ ಮಧ್ಯ ಏಷ್ಯದವರ ಮೂಲಕ ಎಂಬುದನ್ನು ಇಲ್ಲಿ ಗಮನಿಸಬೇಕು. ಈ ಮೊದಲ ಅನುವಾದಗಳಲ್ಲಿ 'ಬೋಧಿ' ಎಂಬುದಕ್ಕೆ 'ದಾವೊ' ಎಂಬ ಶಬ್ದವೂ, 'ನಿರ್ವಾಣ'ಕ್ಕೆ 'ವೂವೈ' ಎಂಬ ಶಬ್ದವೂ ಬಳಕೆಯಾದವು. ಇವೆರಡೂ ಲಾವೋತ್ಸೆಯ ಪಂಥದಲ್ಲಿ ಮೊದಲೇ ಬೇರೂರಿದ್ದ ಶಬ್ದಗಳು. ಮೊದಲನೆಯದಕ್ಕೆ ಮಾರ್ಗವೆಂದೂ ಎರಡನೆಯದಕ್ಕೆ ಕೃತಕ ಪ್ರಯತ್ನವಿಲ್ಲದ ಸ್ಥಿತಿಯೆಂದೂ ಅರ್ಥ. ಆದುದರಿಂದ ಚೀನೀ ಓದುಗನು ಬುದ್ಧನ ಉಪದೇಶವನ್ನು ತನ್ನ ಹಿರಿಯರ ಮಾತಿನಲ್ಲಿಯೇ ಓದಿದನು. ಅರಿವಿಗೆ ಇದು ಸೋಪಾನವೂ ಆಯಿತು, ಪರದೆಯೂ ಆಯಿತು.

ಈ ಪರದೆಯನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರಲ್ಲಿ ದಾವೊಆನ್ (೩೧೨-೩೮೫) ಪ್ರಮುಖನು. ಆತನು ಭಾರತವನ್ನು ಕಂಡವನಲ್ಲ, ಸಂಸ್ಕೃತವನ್ನು ಬಲ್ಲವನೂ ಅಲ್ಲ. ಆದರೂ ಒಂದೇ ಸೂತ್ರದ ಬೇರೆ ಬೇರೆ ಅನುವಾದಗಳನ್ನು ಎದುರುಬದುರಾಗಿಟ್ಟು ಓದಿದನು. ಲಭ್ಯವಿದ್ದ ಗ್ರಂಥಗಳ ಪಟ್ಟಿಯನ್ನು ಸಿದ್ಧಪಡಿಸಿ ಕರ್ತೃಗಳನ್ನು ವಿಚಾರಿಸಿದನು. ಅನುವಾದದಲ್ಲಿ ಮೂಲವು ಯಾವ ಐದು ಬಗೆಯಲ್ಲಿ ನಷ್ಟವಾಗುತ್ತದೆಂದು ವಿವೇಚಿಸಿದನು. ಭಿಕ್ಷುಗಳ ನಡೆವಳಿಕೆಯನ್ನು ನಿಯಮಿಸುವ ವಿನಯಗ್ರಂಥಗಳು ಪೂರ್ಣವಾಗಿ ಬಂದಿಲ್ಲವೆಂಬುದು ಆತನ ದೊಡ್ಡ ಚಿಂತೆಯಾಗಿತ್ತು. ಯಾತ್ರೆ ಮಾಡದ ಈ ಓದುಗನು ಎತ್ತಿದ ಕೊರತೆಯೇ ಮುಂದಿನ ಯಾತ್ರಿಕನ ಗುರಿಯಾಯಿತು.

ಫಾಹಿಯಾನನು ೩೯೯ರಲ್ಲಿ ಚಾಂಗ್‌ಆನ್ ನಗರದಿಂದ ಹೊರಟದ್ದು ವಿನಯಗ್ರಂಥಗಳನ್ನು ಅರಸಿಕೊಂಡೇ. ಉತ್ತರ ಭಾರತದಲ್ಲಿ ಗುರುಗಳು ವಿನಯವನ್ನು ಬಾಯಿಪಾಠವಾಗಿ ಹೇಳಿಕೊಡುತ್ತಿದ್ದರೇ ಹೊರತು ಬರೆದ ಪ್ರತಿಗಳು ದೊರೆಯಲಿಲ್ಲ. ಪಾಟಲೀಪುತ್ರದಲ್ಲಿ ಮಹಾಸಾಂಘಿಕರ ವಿನಯವು ಲಭಿಸಿತು. ಅಲ್ಲಿ ಮೂರು ವರ್ಷ ನಿಂತು ಆತನು ಭಾಷೆಯನ್ನು ಕಲಿತನು, ಗ್ರಂಥಗಳನ್ನು ಪ್ರತಿಮಾಡಿಕೊಂಡನು. ಸಿಂಹಳದಲ್ಲಿ ಎರಡು ವರ್ಷವಿದ್ದು ಮಹೀಶಾಸಕರ ವಿನಯವನ್ನು ಸಂಪಾದಿಸಿ, ೪೧೨ರಲ್ಲಿ ಸಮುದ್ರಮಾರ್ಗವಾಗಿ ಸ್ವದೇಶವನ್ನು ಸೇರಿದನು. ಜೊತೆಗಾರನಾದ ದಾವೊಜೆಂಗ್ ಎಂಬ ಭಿಕ್ಷುವು ಇಲ್ಲಿನ ಸಂಘದ ಶಿಸ್ತಿಗೆ ಮನಸೋತು ಭಾರತದಲ್ಲಿಯೇ ನಿಂತನು. ತನ್ನ ನಾಡಿಗೆ ವಿನಯವನ್ನು ಒಯ್ಯಬೇಕೆಂದು ಹೊರಟಿದ್ದ ಫಾಹಿಯಾನನಾದರೋ ಒಬ್ಬನೇ ಹಿಂದಿರುಗಿದನು.

ಇದರ ಮುಂದಿನ ಕಥೆಯು ಹೆಚ್ಚು ಬೋಧಪ್ರದವಾಗಿದೆ. ಫಾಹಿಯಾನನು ಹೊರಟ ಎರಡು ಮೂರು ವರ್ಷಗಳೊಳಗೆ ಕೂಚಾದ ಕುಮಾರಜೀವನು ಚಾಂಗ್‌ಆನ್‌ಗೆ ಬಂದನು. ಸರ್ವಾಸ್ತಿವಾದಿಗಳ ವಿನಯದ ಅನುವಾದವು ೪೦೪ರಲ್ಲಿ ಅಲ್ಲಿಯೇ ಆರಂಭವಾಯಿತು. ಧರ್ಮಗುಪ್ತಕರ ವಿನಯವನ್ನು ಬುದ್ಧಯಶನು ೪೧೦-೪೧೨ರಲ್ಲಿ ಅನುವಾದಿಸಿದನು. ಫಾಹಿಯಾನನು ತಂದ ಮಹಾಸಾಂಘಿಕ ವಿನಯವು ೪೧೬-೪೧೮ರಲ್ಲಿ ಬುದ್ಧಭದ್ರನ ನೆರವಿನಿಂದ ಚೀನೀ ಭಾಷೆಗೆ ಇಳಿಯಿತು. ಹೀಗೆ ಕಾಲು ಶತಮಾನದೊಳಗೆ ಒಂದಲ್ಲ, ಹಲವು ವಿನಯಗಳು ಚೀನೀಯರ ಮುಂದೆ ಬಂದು ನಿಂತವು. ಕೊನೆಗೆ ಅವರು ತಮ್ಮ ಸಂಘಕ್ಕೆ ಆಧಾರವಾಗಿ ಸ್ವೀಕರಿಸಿದ್ದು ಫಾಹಿಯಾನನು ತಂದುದನ್ನಲ್ಲ. ಏಳನೆಯ ಶತಮಾನದಲ್ಲಿ ದಾವೊಷುವಾನ್ (೫೯೬-೬೬೭) ಎಂಬ ಆಚಾರ್ಯನು ವ್ಯಾಖ್ಯಾನಿಸಿ ಪ್ರತಿಷ್ಠಾಪಿಸಿದ ಧರ್ಮಗುಪ್ತಕ ವಿನಯವನ್ನು. ಬಂದುದನ್ನೆಲ್ಲ ತಲೆಬಾಗಿ ಪಡೆದ ದೇಶ ಹೀಗೆ ಮಾಡುತ್ತಿರಲಿಲ್ಲ. ಚೀನೀಯರು ಹೋಲಿಸಿದರು, ಚರ್ಚಿಸಿದರು, ಆರಿಸಿಕೊಂಡರು.

ಹ್ಯೂಯೆನ್ ತ್ಸಾಂಗನ ಸಂದರ್ಭವೂ ಇಂತಹದೇ. ತಾರುಣ್ಯದಲ್ಲಿಯೇ ಆತನು ಹಲವು ಗುರುಗಳ ಬಳಿ ಓದಿದ್ದನು. ಯೋಗಾಚಾರ ಸಿದ್ಧಾಂತವನ್ನು ಕುರಿತು ಆ ಗುರುಗಳ ಮತಗಳೂ ಲಭ್ಯ ಅನುವಾದಗಳೂ ಪರಸ್ಪರ ಹೊಂದುತ್ತಿರಲಿಲ್ಲ. 'ಯೋಗಾಚಾರಭೂಮಿ'ಯ ಪೂರ್ಣಪಾಠವೊಂದೇ ಈ ವಿವಾದವನ್ನು ಪರಿಹರಿಸಬಲ್ಲುದೆಂದು ನಿಶ್ಚಯಿಸಿ, ಗಡಿಯನ್ನು ದಾಟಬಾರದೆಂಬ ರಾಜಾಜ್ಞೆಯಿದ್ದರೂ ಆತನು ಹೊರಟನು. ನಾಲಂದೆಯಲ್ಲಿ ಶೀಲಭದ್ರನಿಂದ ಆ ಗ್ರಂಥದ ಪಾಠವನ್ನು ಕೇಳಿ, ೬೪೫ರಲ್ಲಿ ೬೫೭ ಗ್ರಂಥಗಳೊಡನೆ ಹಿಂದಿರುಗಿದನು. ೬೬೪ರಲ್ಲಿ ಮರಣಹೊಂದುವವರೆಗೆ ೭೫ ಗ್ರಂಥಗಳನ್ನು ಅನುವಾದಿಸಿದನು. ಆತನ ಹೆಸರನ್ನು ನಮ್ಮಲ್ಲಿ ಪ್ರಸಿದ್ಧಗೊಳಿಸಿದ ಪ್ರವಾಸವರ್ಣನೆಯನ್ನು ೬೪೬ರಲ್ಲಿ ಸಿದ್ಧಪಡಿಸಿದ್ದು ಚಕ್ರವರ್ತಿಯ ಅಪೇಕ್ಷೆಯ ಮೇರೆಗೆ. ಆತನ ಸ್ವಂತ ಗುರಿಯು ಆ ಅನುವಾದಗಳಲ್ಲಿತ್ತು.

ಮೂರನೆಯವನಾದ ಇತ್ಸಿಂಗನು (೬೩೫-೭೧೩) ಈ ಇಬ್ಬರ ಆದರ್ಶದಿಂದ ಪ್ರೇರಿತನಾಗಿ ೬೭೧ರಲ್ಲಿ ಹಡಗನ್ನು ಏರಿದನು. ನೇರವಾಗಿ ಭಾರತಕ್ಕೆ ಬಾರದೆ, ಸುಮಾತ್ರ ದ್ವೀಪದ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಶಬ್ದವಿದ್ಯೆಯನ್ನು ಅಭ್ಯಾಸಮಾಡಿದನು. ಭಾರತಕ್ಕೆ ಹೋಗಬಯಸುವ ಚೀನೀ ಭಿಕ್ಷುಗಳು ಅಲ್ಲಿ ಒಂದೆರಡು ವರ್ಷವಿದ್ದು ಸಿದ್ಧರಾಗಿ ಮುಂದುವರಿಯುವುದು ಒಳ್ಳೆಯದೆಂದು ಆತನೇ ಸಲಹೆಮಾಡಿದ್ದಾನೆ. ಯಾತ್ರೆಗೆ ಮುನ್ನಿನ ಸಿದ್ಧತೆಯನ್ನು ಕುರಿತು ಇದಕ್ಕಿಂತ ಸ್ಪಷ್ಟವಾದ ಪ್ರಾಚೀನ ಮಾತು ವಿರಳ. ಆದರೆ ಪ್ರತ್ಯಕ್ಷದರ್ಶಿಯ ಗ್ರಂಥವನ್ನೂ ಪರೀಕ್ಷಿಸಿಯೇ ಓದಬೇಕೆಂಬುದಕ್ಕೂ ಆತನೇ ಸಾಕ್ಷಿ. ವೈಯಾಕರಣ ಭರ್ತೃಹರಿಯು ತನಗಿಂತ ನಲವತ್ತು ವರ್ಷಗಳ ಹಿಂದೆ ತೀರಿಕೊಂಡನೆಂದು ಇತ್ಸಿಂಗನು ಬರೆದನು. ದಿಙ್ನಾಗನು ಭರ್ತೃಹರಿಯ ಶ್ಲೋಕಗಳನ್ನು ಬಳಸಿಕೊಂಡಿರುವುದು ತಿಳಿದುಬಂದ ಮೇಲೆ ಆ ಕಾಲನಿರ್ಣಯವನ್ನು ವಿದ್ವಾಂಸರು ಕೈಬಿಟ್ಟರು.

ಇನ್ನು ಈ ಯಾತ್ರಿಕರ ಗ್ರಂಥಗಳನ್ನು ನಾವು ಓದಿದ ಬಗೆಯನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಜೂಲಿಯೆನ್, ಬೀಲ್, ಲೆಗ್, ತಕಕುಸು ಮೊದಲಾದವರ ಅನುವಾದಗಳು ಪ್ರಕಟವಾದ ಮೇಲೆ ಅವು ಭಾರತೀಯ ಇತಿಹಾಸಕ್ಕೆ ಅಮೂಲ್ಯ ಆಕರಗಳಾದವು. ಕರ್ನಾಟಕದ ಇತಿಹಾಸಕ್ಕೂ ಅವುಗಳಿಂದ ಲಾಭವಾಗಿದೆ. ಬಾದಾಮಿಯ ಇಮ್ಮಡಿ ಪುಲಕೇಶಿಯನ್ನು ಹರ್ಷನು ಗೆಲ್ಲಲಾರದೆ ಹೋದನೆಂಬ ಹ್ಯೂಯೆನ್ ತ್ಸಾಂಗನ ಹೇಳಿಕೆಯು ೬೩೪-೬೩೫ರ ಐಹೊಳೆಯ ಶಾಸನವನ್ನು ಸಮರ್ಥಿಸುತ್ತದೆ. ಆತನು ಹೇಳುವ ಕೊಂಕಣಪುರವು ಬನವಾಸಿಯೋ ಆನೆಗೊಂದಿಯೋ ಅಥವಾ ಬೇರೆಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಈ ಬಗೆಯ ಉಪಯೋಗವು ನ್ಯಾಯವಾದುದೇ. ಆದರೆ ನಮ್ಮ ಮುಖವನ್ನು ನೋಡಿಕೊಳ್ಳುವ ಕನ್ನಡಿಯಾಗಿ ಮಾತ್ರವೇ ಚೀನೀ ಗ್ರಂಥವನ್ನು ಹಿಡಿಯುತ್ತ ಬಂದುದರಿಂದ, ಆ ಕನ್ನಡಿಯನ್ನು ಮಾಡಿದವರು ಯಾರು, ಅವರಿಗೆ ಏನು ಬೇಕಾಗಿತ್ತು ಎಂಬ ಪ್ರಶ್ನೆಗಳು ಹಿಂದೆ ಬಿದ್ದಿವೆ.

ಈ ಒಮ್ಮುಖದ ಸಂಬಂಧವನ್ನು ತಿದ್ದಬಹುದಾಗಿದ್ದ ಒಂದು ಘಟನೆ ಏಳನೆಯ ಶತಮಾನದಲ್ಲಿಯೇ ನಡೆಯಿತು. ಕಾಮರೂಪದ ರಾಜನಾದ ಭಾಸ್ಕರವರ್ಮನು ಲಾವೋತ್ಸೆಯ ಗ್ರಂಥದ ಸಂಸ್ಕೃತ ಅನುವಾದವನ್ನು ಬಯಸಿ, ಚೀನೀ ರಾಯಭಾರಿಗಳ ಮೂಲಕ ಕೇಳಿಕೊಂಡನು. ಸುಮಾರು ೬೪೭ರಲ್ಲಿ ಆ ಕಾರ್ಯವು ಹ್ಯೂಯೆನ್ ತ್ಸಾಂಗನಿಗೂ ಕೆಲವರು ದಾವೊ ಪಂಡಿತರಿಗೂ ಒಪ್ಪಿತವಾಯಿತು. 'ದಾವೊ' ಎಂಬ ಶಬ್ದವನ್ನು 'ಬೋಧಿ' ಎಂದು ಅನುವಾದಿಸಬೇಕೆಂದು ಪಂಡಿತರ ವಾದ. ಅದು 'ಮಾರ್ಗ'ವೇ ಹೊರತು 'ಬೋಧಿ'ಯಲ್ಲವೆಂದು ಹ್ಯೂಯೆನ್ ತ್ಸಾಂಗನ ಪ್ರತಿವಾದ. ಐದು ಶತಮಾನಗಳ ಹಿಂದೆ ಮೊದಲ ಅನುವಾದಕರು ಸಲೀಸಾಗಿ ಒಂದುಗೂಡಿಸಿದ್ದ ಎರಡು ಶಬ್ದಗಳನ್ನು, ಎರಡೂ ಭಾಷೆಗಳನ್ನು ಆಳವಾಗಿ ಬಲ್ಲವನು ಈಗ ಬೇರ್ಪಡಿಸಿದನು. ಆ ಸಂಸ್ಕೃತ ಅನುವಾದದ ಪ್ರತಿಯು ನಮಗೆ ಉಳಿದುಬಂದಿಲ್ಲ. ಚೀನಾದ ಒಂದು ಮೂಲಗ್ರಂಥವನ್ನು ನಮ್ಮ ಪೂರ್ವಿಕರಲ್ಲಿ ಒಬ್ಬನಾದರೂ ಬಯಸಿ ಕೇಳಿದನೆಂಬುದು ನಮಗೆ ಸಮಾಧಾನ. ಅಂತಹ ಕೇಳಿಕೆಗಳು ಇಷ್ಟು ವಿರಳವೆಂಬುದು ವಿಚಾರಕ್ಕೆ ಎಡೆಮಾಡುವ ಸಂಗತಿ.

ಆದುದರಿಂದ ಚೀನಾಕ್ಕೆ ಹೊರಡುವವನು ಬೌದ್ಧಧರ್ಮದ ಚರಿತ್ರೆಗಿಂತ ಮುಂಚೆ ಚೀನೀ ಸಮಾಜವನ್ನು ಕುರಿತು ಓದುವುದು ಲೇಸು. ಕನ್‌ಫ್ಯೂಷಿಯಸ್ಸನ ಪರಂಪರೆಯಲ್ಲಿ ತಂದೆತಾಯಿಗಳ ಸೇವೆಯೂ ರಾಜನಿಗೆ ವಿಧೇಯತೆಯೂ ಜೀವನದ ಆಧಾರಸ್ತಂಭಗಳು. ದೇಹವು ತಂದೆತಾಯಿಗಳು ಕೊಟ್ಟದ್ದು. ಅದಕ್ಕೆ ಊನವನ್ನು ತರಬಾರದು. ತಲೆಯನ್ನು ಬೋಳಿಸಿ, ಮನೆಯನ್ನು ತೊರೆದು, ಸಂತತಿಯಿಲ್ಲದೆ ಬಾಳುವ ಭಿಕ್ಷುವು ಇವರ ಕಣ್ಣಿಗೆ ಹೇಗೆ ತೋರಿರಬೇಕು? ಭಿಕ್ಷುವು ರಾಜನಿಗೆ ತಲೆಬಾಗಬೇಕಾಗಿಲ್ಲವೆಂದು ಸಾಧಿಸಲು ಹುಯಿಯುವಾನನು ೪೦೪ರಲ್ಲಿ ಪ್ರಬಂಧವೊಂದನ್ನೇ ಬರೆಯಬೇಕಾಯಿತು. ತಂದೆತಾಯಿಗಳ ಉಪಕಾರವನ್ನು ಹೊಗಳುವ ಸೂತ್ರಗಳು ಚೀನಾದಲ್ಲಿಯೇ ರಚಿತವಾದವು. ಭಾರತದಲ್ಲಿ ಪುರುಷರೂಪದವನಾದ ಅವಲೋಕಿತೇಶ್ವರನು ಕ್ರಮೇಣ ಗುವಾನ್‌ಯಿನ್ ಎಂಬ ಸ್ತ್ರೀಮೂರ್ತಿಯಾದನು. ಇಷ್ಟು ಹೊಂದಿಕೆಯಾದ ಮೇಲೆಯೂ ವಿರೋಧವು ಅಳಿಯಲಿಲ್ಲ. ೮೪೫ರಲ್ಲಿ ವೂಜೊಂಗ್ ಚಕ್ರವರ್ತಿಯ ಆಜ್ಞೆಯಿಂದ ೪,೬೦೦ಕ್ಕೂ ಹೆಚ್ಚು ವಿಹಾರಗಳು ನಾಶವಾದವು. ೨,೬೦,೫೦೦ ಭಿಕ್ಷು ಭಿಕ್ಷುಣಿಯರು ಗೃಹಸ್ಥರಾಗಬೇಕಾಯಿತು. ಅದು ವಿದೇಶದ ಮತವೆಂಬುದೂ ಆ ಆಜ್ಞೆಗೆ ಕೊಟ್ಟ ಕಾರಣಗಳಲ್ಲೊಂದು. ಗೆಲುವಿನ ಕಥೆಯಲ್ಲಿ ಈ ಅಧ್ಯಾಯಕ್ಕೆ ಸ್ಥಳವೆಲ್ಲಿ?

ಇಂತಹ ಓದು ಸ್ಥಳದರ್ಶನಕ್ಕೆ ಹೇಗೆ ನೆರವಾಗುತ್ತದೆಂಬುದನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಲೋಯಾಂಗಿನ ಸಮೀಪದ ಲಾಂಗ್‌ಮೆನ್ ಗುಹೆಗಳ ಕೆಲಸವು ಐದನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ಅಲ್ಲಿನ ಮೂರ್ತಿಗಳ ಪಕ್ಕದಲ್ಲಿ ಸಾವಿರಾರು ಬರಹಗಳಿವೆ. ಗತಿಸಿದ ತಂದೆತಾಯಿಗಳಿಗೆ, ಏಳು ತಲೆಮಾರಿನ ಹಿರಿಯರಿಗೆ, ಚಕ್ರವರ್ತಿಗೆ ಶ್ರೇಯಸ್ಸಾಗಲೆಂದು ದಾನಿಗಳು ಅವುಗಳಲ್ಲಿ ಬರೆಯಿಸಿದ್ದಾರೆ. ದುನ್‌ಹುವಾಂಗಿನ ಗುಹೆಯಲ್ಲಿ ದೊರೆತು ಈಗ ಲಂಡನ್ನಿನಲ್ಲಿರುವ ೮೬೮ರ 'ವಜ್ರಚ್ಛೇದಿಕಾ' ಮುದ್ರಿತ ಪ್ರತಿಯೂ ಹೀಗೆಯೇ. ಪಾಠವು ಕುಮಾರಜೀವನ ಅನುವಾದ, ಅದನ್ನು ಮಾಡಿಸಿದವನು ವಾಂಗ್ ಜೀ, ಮಾಡಿಸಿದ್ದು ತನ್ನ ತಂದೆತಾಯಿಗಳಿಗಾಗಿ. ಇದು ಭಾರತದ ಧರ್ಮಕ್ಕೆ ಚೀನಾ ತೊಡಿಸಿದ ಉಡುಗೆಯೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಭಾರತದ ಪ್ರಾಚೀನ ಬೌದ್ಧ ಶಾಸನಗಳಲ್ಲಿಯೂ ಭಿಕ್ಷುಗಳೇ ತಮ್ಮ ತಂದೆತಾಯಿಗಳ ಹೆಸರಿನಲ್ಲಿ ದಾನಮಾಡಿರುವುದನ್ನು ಗ್ರೆಗರಿ ಷೋಪೆನ್ ಎಂಬ ವಿದ್ವಾಂಸನು ೧೯೮೪ರಲ್ಲಿ ತೋರಿಸಿಕೊಟ್ಟನು. ಹಾಗಾದರೆ ಲಾಂಗ್‌ಮೆನ್ನಿನ ಬರಹದಲ್ಲಿ ಭಾರತದ ಪಾಲೆಷ್ಟು, ಚೀನಾದ ಪಾಲೆಷ್ಟು? ಏಳು ತಲೆಮಾರಿನ ಹಿರಿಯರೆಂಬ ಮಾತಿನ ಒತ್ತು ಎಲ್ಲಿಯದು? ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಬಂಡೆಯ ಮುಂದೆ ನಿಂತವನಿಗೂ, ಬುದ್ಧನ ಮೂರ್ತಿಯನ್ನು ಕಂಡು ಇದು ನಮ್ಮದೆಂದು ಹಿಗ್ಗಿ ಮುಂದೆ ಸಾಗುವವನಿಗೂ ಬಹಳ ಅಂತರವಿದೆ.

ಮೇಲಿನ ವಿವೇಚನೆಯಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಒಂದೇ ವಿಷಯವನ್ನು ಕುರಿತ ಎರಡು ಗ್ರಂಥಗಳನ್ನು ಹೋಲಿಸಿ ಓದಬೇಕೆಂಬುದು ದಾವೊಆನನ ಮಾರ್ಗ. ಭಾಷೆಯ ಪ್ರಾಥಮಿಕ ಜ್ಞಾನವನ್ನಾದರೂ ಮೊದಲೇ ಸಂಪಾದಿಸಬೇಕೆಂಬುದು ಇತ್ಸಿಂಗನ ಮಾರ್ಗ. ಚೀನೀ ಲಿಪಿಯ ಐವತ್ತು ಅಕ್ಷರಗಳನ್ನು ಗುರುತಿಸಬಲ್ಲವನಿಗೆ ಒಂದು ದಾನಶಾಸನವು ಬರಿಯ ಕಲ್ಲಾಗಿ ಉಳಿಯುವುದಿಲ್ಲ. ಓದಿನಿಂದ ಪರಿಹಾರವಾಗದ ಒಂದು ಸಂದೇಹವನ್ನು ಖಚಿತವಾಗಿ ಗುರುತಿಸಿಕೊಂಡು ಹೊರಡಬೇಕೆಂಬುದು ಫಾಹಿಯಾನ್ ಮತ್ತು ಹ್ಯೂಯೆನ್ ತ್ಸಾಂಗರ ಮಾರ್ಗ. ಅವರು ನಮ್ಮ ನಾಡಿಗೆ ಬಂದದ್ದು ಶಿಷ್ಯರಾಗಿ. ಅವರ ನಾಡಿಗೆ ನಾವು ಹೋಗುವಾಗ ಗುರುಗಳ ವಂಶದವರೆಂಬ ಹೆಮ್ಮೆಯನ್ನು ಮನೆಯಲ್ಲಿ ಬಿಟ್ಟು ಹೋಗುವುದೇ ಆ ಶಿಷ್ಯರಿಗೆ ನಾವು ಸಲ್ಲಿಸಬಹುದಾದ ಗೌರವ.