ಜೋಡಿ ಕಟ್ಟುವ ಆಟ

ಹೈಸ್ಕೂಲಿನಲ್ಲಿದ್ದಾಗ ನನ್ನ ಗಣಿತದ ನೋಟ್ ಪುಸ್ತಕ ಎರಡು ಕಡೆಯಿಂದ ಶುರುವಾಗುತ್ತಿತ್ತು. ಮುಂದಿನಿಂದ ಬೀಜಗಣಿತ, ಹಿಂದಿನಿಂದ ಕುಸ್ತಿ. ಮೈಸೂರಿನ ನಮ್ಮ ಬೀದಿಗೆ ಕೇಬಲ್ ಟಿವಿ ಬಂದು ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಅಮೆರಿಕದ ಡಬ್ಲ್ಯೂಡಬ್ಲ್ಯೂಎಫ್ ಪೈಲ್ವಾನರ ಎತ್ತರ, ತೂಕ, ಎದೆಯ ಸುತ್ತಳತೆ ಅಚ್ಚಾದ ಟ್ರಂಪ್ ಕಾರ್ಡುಗಳು ಹುಡುಗರ ಜೇಬಿನಲ್ಲೆಲ್ಲ ಇದ್ದವು. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಇಡೀ ರೆಸಲ್‌ಮೇನಿಯಾವನ್ನೇ ನೋಟ್ ಪುಸ್ತಕದ ಹಿಂಬದಿಯಲ್ಲಿ ಆಡಿಸುತ್ತಿದ್ದೆ. ಎಡಗಡೆ ಒಬ್ಬ, ಬಲಗಡೆ ಒಬ್ಬ, ಗೆಲ್ಲುವವನ ಹೆಸರಿನ ಸುತ್ತ ಕೆಂಪು ಶಾಯಿಯ ಸುತ್ತು.

ತಾತ ಒಂದು ದಿನ ಅದನ್ನು ನೋಡಿದರು. ಅವರು ಹರೆಯದಲ್ಲಿ ಗರಡಿಮನೆಯ ಮಣ್ಣಿನಲ್ಲಿ ಹೊರಳಿದವರು. ದಸರಾ ಕುಸ್ತಿಗೆ ಮುಂಚೆ ಹಿರಿಯರೆಲ್ಲ ಸೇರಿ ಪೈಲ್ವಾನರ ಮೈಕಟ್ಟು, ವಯಸ್ಸು, ಅನುಭವ ನೋಡಿ ಯಾರಿಗೆ ಯಾರು ಎಂದು ‘ಜೋಡಿ ಕಟ್ಟುವುದನ್ನು’ ತಪ್ಪದೆ ನೋಡಲು ಹೋಗುತ್ತಿದ್ದವರು. ನನ್ನ ಪಟ್ಟಿಯ ಮೇಲೆ ಕಣ್ಣಾಡಿಸಿ ಕೇಳಿದರು, “ಜೋಡಿ ಕಟ್ಟಿರೋದು ಸರಿ ಕಣ್ಲಾ. ಗೆಲ್ಲೋನು ಯಾರೂಂತ ನೀನೇ ಬರ್ದ್ಬಿಟ್ರೆ, ಅವ್ರು ಇನ್ಯಾಕೆ ಕುಸ್ತಿ ಆಡ್ಬೇಕು?”

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಪ್ರೊಫೆಷನಲ್ ರೆಸ್ಲಿಂಗಿನ ಚರಿತ್ರೆಯನ್ನು ಓದುತ್ತ ಹೋದಂತೆ, ಅದರ ಉತ್ತರದ ಒಂದು ತುಂಡು ತಾತನ ಆರಾಧ್ಯದೈವವಾಗಿದ್ದ ಗಾಮಾನ ಕಥೆಯಲ್ಲೇ ಇದೆ ಎಂದು ತಿಳಿಯಿತು.

1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾನಿಗೂ ಪೋಲೆಂಡಿನ ಸ್ಟಾನಿಸ್ಲಾಸ್ ಝಬಿಸ್ಕೋಗೂ ಕುಸ್ತಿ ಬಿತ್ತು. ಝಬಿಸ್ಕೋ ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟ. ಎರಡೂವರೆ ಗಂಟೆ ಕಳೆದರೂ ಸೋಲುಗೆಲುವು ತೀರ್ಮಾನವಾಗದೆ ಪಂದ್ಯ ಡ್ರಾ ಆಯಿತು. ವಾರ ಬಿಟ್ಟು ಮತ್ತೆ ಆಡಬೇಕಾಗಿದ್ದ ದಿನ ಝಬಿಸ್ಕೋ ಬರಲೇ ಇಲ್ಲ. ಮುಂದೆ 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಸಾವಿರಾರು ಜನ ಸೇರಿದ್ದರು. ಗಾಮಾ ಒಂದು ನಿಮಿಷ ತುಂಬುವುದರೊಳಗೆ ಅವನನ್ನು ಚಿತ್ ಮಾಡಿದ.

ಕುಸ್ತಿ ಬಲ್ಲವನಿಗೆ ಈ ಎರಡೂ ಪಂದ್ಯಗಳು ಅಮೂಲ್ಯ. ಟಿಕೆಟ್ ಮಾರುವವನ ಕಣ್ಣಲ್ಲಿ ಎರಡೂ ನಷ್ಟದ ಬಾಬ್ತು. ಒಂದರಲ್ಲಿ ಜನ ಆಕಳಿಸುತ್ತ ಕೂತರು, ಇನ್ನೊಂದರಲ್ಲಿ ಸರಿಯಾಗಿ ಕೂರುವುದಕ್ಕೂ ಪುರಸೊತ್ತು ಸಿಗಲಿಲ್ಲ. ನಿಜವಾದ ಕುಸ್ತಿ ಪ್ರೇಕ್ಷಕನ ಅನುಕೂಲ ನೋಡಿಕೊಂಡು ನಡೆಯುವುದಿಲ್ಲ. 1920ರ ದಶಕದಲ್ಲಿ ಅಮೆರಿಕದಲ್ಲಿ ಎಡ್ ‘ಸ್ಟ್ರಾಂಗ್ಲರ್’ ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಕಂಡುಕೊಂಡದ್ದು ಇದನ್ನೇ. ಪಂದ್ಯಕ್ಕೆ ಕಾಲಮಿತಿ, ನೋಡಲು ಚೆಂದವಾದ ಪಟ್ಟುಗಳು, ಊರಿಂದೂರಿಗೆ ಒಂದೇ ತಂಡ, ಯಾರು ಗೆಲ್ಲಬೇಕೆಂಬ ಮುಂಗಡ ತೀರ್ಮಾನ. ಈ ತೀರ್ಮಾನ ಮಾಡುವವನಿಗೆ ‘ಬುಕರ್’ ಎಂಬ ಹೆಸರು, ಅವನ ಕೆಲಸಕ್ಕೆ ‘ಬುಕಿಂಗ್’ ಎಂಬ ಹೆಸರು ನಿಂತವು. ನಮ್ಮ ಮಾತಿನಲ್ಲಿ ಹೇಳುವುದಾದರೆ ಜೋಡಿಯನ್ನೂ ಕಟ್ಟಿ, ಮಣ್ಣಿನ ತೀರ್ಪನ್ನೂ ತಾನೇ ಬರೆಯುವವನು.

ಆದರೆ ಹಾಳೆಯ ಮೇಲೆ ಬರೆದದ್ದು ಅಖಾಡದಲ್ಲಿ ನಡೆಯಬೇಕಾದರೆ ಒಬ್ಬ ಸೋಲಲು ಒಪ್ಪಬೇಕು. ಅದೇ ಮೂವರು 1925ರಲ್ಲಿ ಫುಟ್ಬಾಲ್ ಆಟಗಾರನಾಗಿದ್ದ ವೇಯ್ನ್ ಮನ್ ಎಂಬ ದೈತ್ಯನನ್ನು ಚಾಂಪಿಯನ್ ಮಾಡಿದರು. ಆಳು ಕಟ್ಟುಮಸ್ತಾಗಿದ್ದ, ಕುಸ್ತಿ ಅಷ್ಟಾಗಿ ಬರುತ್ತಿರಲಿಲ್ಲ. ಆ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಅವನಿಗೆ ಸೋಲಬೇಕಾಗಿದ್ದವನು ನಮ್ಮ ಅದೇ ಝಬಿಸ್ಕೋ. ಪ್ರತಿಸ್ಪರ್ಧಿ ಗುಂಪಿನೊಂದಿಗೆ ಒಳಗೊಳಗೇ ಮಾತಾಡಿಕೊಂಡು ಬಂದಿದ್ದ ಅವನು ಆ ದಿನ ನಿಜವಾಗಿಯೇ ಕುಸ್ತಿ ಹಿಡಿದ. ಮನ್ ಮತ್ತೆ ಮತ್ತೆ ಬೆನ್ನು ಮಣ್ಣು ಮಾಡಿಕೊಂಡ. ಬೆಲ್ಟ್ ಕೈಬಿಟ್ಟುಹೋಯಿತು. 1997ರಲ್ಲಿ ಮಾಂಟ್ರಿಯಲ್‌ನಲ್ಲಿ ಆದದ್ದು ಇದರ ತಿರುಗುಮುರುಗು. ತನ್ನ ದೇಶ ಕೆನಡಾದಲ್ಲಿ ಶಾನ್ ಮೈಕಲ್ಸ್‌ಗೆ ಸೋಲಲಾರೆ ಎಂದ ಬ್ರೆಟ್ ಹಾರ್ಟ್‌ಗೆ ತಿಳಿಸದೆ, ಒಡೆಯ ವಿನ್ಸ್ ಮೆಕ್‌ಮಹನ್ ಗಂಟೆ ಬಾರಿಸಿಸಿ ಪಂದ್ಯ ಮುಗಿಸಿಬಿಟ್ಟ. ಮೊದಲ ಸಲ ಮೋಸ ಹೋದವರು ಬುಕರ್‌ಗಳು, ಎರಡನೇ ಸಲ ಪೈಲ್ವಾನ.

ನನ್ನ ನೋಟ್ ಪುಸ್ತಕದ ಪಟ್ಟಿಗಳಲ್ಲಿ ಈ ತೊಡಕೇ ಇರಲಿಲ್ಲ. ನನಗೆ ಬೇಕಾದವರೆಲ್ಲ ಗೆಲ್ಲುತ್ತಿದ್ದರು. ಎಂಟು ಪಂದ್ಯವಿದ್ದರೆ ಎಂಟೂ ಮಹಾಯುದ್ಧ. ಹಬ್ಬದೂಟಕ್ಕೆ ಎಲೆ ತುಂಬ ಹೋಳಿಗೆಯನ್ನೇ ಬಡಿಸಿದ ಹಾಗೆ. ನಿಜವಾದ ಬುಕಿಂಗ್ ಹೇಗಿರುತ್ತದೆ ಎಂದು ಗೊತ್ತಾದದ್ದು, ತುಂಬ ತಡವಾಗಿ 1987ರ ರೆಸಲ್‌ಮೇನಿಯಾ ಮೂರನ್ನು ಪೂರ್ತಿ ನೋಡಿದಾಗ.

ಮಿಶಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ಆ ದಿನ ಸೇರಿದವರು 93,173 ಮಂದಿ ಎಂದು ಕಂಪನಿ ಸಾರಿತು. ಆ ಅಂಕಿಯ ಬಗ್ಗೆ ಇಂದಿಗೂ ಜಗಳವಿದೆ. ಆ ರಾತ್ರಿಯ 12 ಪಂದ್ಯಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವು ಶುದ್ಧ ತಮಾಷೆ. ನಡುವೆ ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಹದಿನೈದು ನಿಮಿಷದಷ್ಟು ಹೊತ್ತು ಒಂದು ಉಸಿರೂ ವ್ಯರ್ಥವಾಗದಂತೆ ಆಡಿದರು. ಕುಶಲ ಕುಸ್ತಿಯ ಹಸಿವನ್ನು ಆ ಪಂದ್ಯ ತಣಿಸಿತು. ಹಾಗಾಗಿಯೇ ಕೊನೆಯಲ್ಲಿ ಹಲ್ಕ್ ಹೋಗನ್ ಮತ್ತು ಆಂದ್ರೆ ದಿ ಜೈಂಟ್ ನಿಧಾನವಾಗಿ, ಪರ್ವತಗಳ ಹಾಗೆ ನಿಂತು ಆಡಿದರೂ ಯಾರೂ ದೂರಲಿಲ್ಲ. ಆ ಪಂದ್ಯದಲ್ಲಿ ಜನ ಕಾದದ್ದು ಒಂದೇ ಗಳಿಗೆಗೆ: ಆಂದ್ರೆಯನ್ನು ಎತ್ತಿ ಬಡಿಯಲಾದೀತೇ? ಹೋಗನ್ ಬಡಿದ. ಆದರೆ ಬಡಿಸಿಕೊಳ್ಳಲು ಒಪ್ಪಿದವನು ಆಂದ್ರೆ. ಅವನ ಮೈ ಬೆಳೆಯುವುದನ್ನು ನಿಲ್ಲಿಸದ ಕಾಯಿಲೆ ಅವನಿಗಿತ್ತು. ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಆರು ವರ್ಷ ತುಂಬುವ ಮೊದಲೇ ತೀರಿಕೊಂಡ. ಹೋಗನ್ನನ ಗೆಲುವು ದೊಡ್ಡದಾದದ್ದು ಆಂದ್ರೆಯ ಸೋಲಿನಿಂದ. ಗೆಲ್ಲುವವನ ಹೆಸರು ಬರೆಯುವುದು ಯಾರಿಗಾದರೂ ಸಾಧ್ಯ. ಯಾರು ಸೋಲಬೇಕು, ಎಷ್ಟನೆಯ ಪಂದ್ಯದಲ್ಲಿ, ಎಷ್ಟು ವರ್ಷ ಕಾಯಿಸಿ ಎಂಬುದೇ ಬುಕರನ ನಿಜವಾದ ಕೆಲಸ ಎಂದು ಆಗ ಹೊಳೆಯಿತು.

ಹಾಗಾದರೆ ಅಭಿಮಾನಿಯ ಕೈಗೇ ಆ ಕೆಲಸ ಬಂದರೆ? ಚರಿತ್ರೆಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಆದದ್ದು ಒಮ್ಮೆ ಇದೆ.

ಡೇನಿಯಲ್ ಬ್ರಯನ್ ಐದಡಿ ಎಂಟಂಗುಲದ, ಗಡ್ಡದ ಮನುಷ್ಯ. ಸಣ್ಣಪುಟ್ಟ ಸಭಾಂಗಣಗಳಲ್ಲಿ ವರ್ಷಗಟ್ಟಲೆ ಆಡಿ ಕುಸ್ತಿ ಕಲಿತು ಬಂದವನು. 2013ರ ಆಗಸ್ಟ್‌ನಲ್ಲಿ ಅವನು ಜಾನ್ ಸೀನಾನನ್ನು ಸೋಲಿಸಿ ಚಾಂಪಿಯನ್ ಆದ, ಕೆಲವೇ ನಿಮಿಷಗಳಲ್ಲಿ ಕಥೆಯ ಪ್ರಕಾರ ಬೆಲ್ಟ್ ಕಳೆದುಕೊಂಡ. ಕಥೆಯಲ್ಲಿನ ಯಜಮಾನರು ಅವನನ್ನು ‘ಬಿ ಪ್ಲಸ್’ ದರ್ಜೆಯವನೆಂದು ಹಂಗಿಸಿದರು. ಜನರಿಗೆ ಅದು ಕಥೆಯ ಮಾತಿನಂತೆ ಕೇಳಿಸಲಿಲ್ಲ, ಕಂಪನಿಯ ಮನದ ಮಾತೇ ಎಂದು ಕೇಳಿಸಿತು. 2014ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ರಾಯಲ್ ರಂಬಲ್‌ನಲ್ಲಿ ಮೂವತ್ತು ಜನರ ಪಂದ್ಯ. ಗೆದ್ದವನಿಗೆ ರೆಸಲ್‌ಮೇನಿಯಾದ ಮುಖ್ಯ ಪಂದ್ಯ. ಬ್ರಯನ್ ಬರುತ್ತಾನೆಂದು ಕೊನೆಯ ಹೆಸರಿನವರೆಗೂ ಜನ ಕಾದರು. ಮೂವತ್ತನೆಯವನಾಗಿ ಬಂದವನು ರೇ ಮಿಸ್ಟೀರಿಯೊ. ಎಲ್ಲರ ಪ್ರೀತಿಯ ಆ ಪೈಲ್ವಾನನಿಗೂ ಕ್ರೀಡಾಂಗಣವೆಲ್ಲ ಛೀಮಾರಿ ಹಾಕಿತು. ಗೆದ್ದವನು ಸಿನಿಮಾದಿಂದ ಮರಳಿ ಬಂದಿದ್ದ ಬಟಿಸ್ಟಾ. ನಾಯಕನಾಗಿ ಮೆರೆಯಬೇಕಾಗಿದ್ದ ಅವನನ್ನು ಜನ ಕೂಗಿ ಕೂಗಿ ಖಳನಾಯಕನನ್ನಾಗಿ ಮಾಡಿದರು.

ಮುಂದಿನ ವಾರಗಳಲ್ಲಿ ಊರು ಯಾವುದೇ ಇರಲಿ, ಪಂದ್ಯ ಯಾರದ್ದೇ ಇರಲಿ, ಬೆರಳೆತ್ತಿ ‘ಯೆಸ್, ಯೆಸ್’ ಎನ್ನುವ ಬ್ರಯನ್‌ನ ಕೂಗು ನಿಲ್ಲಲಿಲ್ಲ. ಕೊನೆಗೆ ಪಟ್ಟಿ ಬದಲಾಯಿತು. 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಬ್ರಯನ್ ಮೊದಲ ಪಂದ್ಯದಲ್ಲಿ ಟ್ರಿಪಲ್ ಎಚ್‌ನನ್ನು ಸೋಲಿಸಿದ. ಕೊನೆಯ ಪಂದ್ಯದಲ್ಲಿ ರ‍್ಯಾಂಡಿ ಆರ್ಟನ್ ಮತ್ತು ಬಟಿಸ್ಟಾ ಇಬ್ಬರನ್ನೂ ಎದುರಿಸಿ ಚಾಂಪಿಯನ್ ಆದ. ನಮ್ಮಲ್ಲಿ ಆಗ ಬೆಳಗಾಗಿತ್ತು. ನಾನು ಆಫೀಸಿಗೆ ಹೊರಡಬೇಕಾದವನು ಹಲ್ಲುಜ್ಜುವುದನ್ನೂ ಮರೆತು ಕೂತಿದ್ದೆ.

ಇದನ್ನು ನೋಡುವಾಗ ನನಗೆ ನೆನಪಾದದ್ದು ರನ್ನ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಅವನು ‘ಸಾಹಸಭೀಮ ವಿಜಯ’ವನ್ನು ಕಟ್ಟಿದ. ನಾಯಕ ಯಾರೆಂಬುದು ಹೆಸರಿನಲ್ಲೇ ತೀರ್ಮಾನವಾಗಿತ್ತು. ಆದರೂ ಓದಿದವರ ಮನಸ್ಸು ವಾಲಿದ್ದು ದುರ್ಯೋಧನನ ಕಡೆಗೆ. ಸುಮಾರು ಸಾವಿರ ವರ್ಷಗಳ ನಂತರ ಬಿಎಂಶ್ರೀಯವರು ‘ಗದಾಯುದ್ಧ ನಾಟಕಂ’ನಲ್ಲಿ ಅವನನ್ನು ದುರಂತ ನಾಯಕನನ್ನಾಗಿಯೇ ನಿಲ್ಲಿಸಿದರು. ಗೆಲುವನ್ನು ಬದಲಿಸಲಾಗಲಿಲ್ಲ, ಕರುಣೆ ಯಾರಿಗೆ ಸಲ್ಲಬೇಕೆಂಬುದನ್ನು ಬದಲಿಸಿದರು. ಬುಕರ್ ಬರೆಯಬಲ್ಲದ್ದು ಫಲಿತಾಂಶವನ್ನು ಮಾತ್ರ. ನೋಡುವವರ ಒಲವು ಅವನ ಹಾಳೆಗೆ ಬಗ್ಗುವುದಿಲ್ಲ. ತಾತನ ಪ್ರಶ್ನೆಗೆ ಉತ್ತರದ ಇನ್ನೊಂದು ತುಂಡು ಇದು.

ಆ ಏಪ್ರಿಲ್ ರಾತ್ರಿಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟಿದ್ದರೆ ಏನು ಮಾಡುತ್ತಿದ್ದೆ? ಮೊದಲನೆಯದನ್ನೂ ಕೊನೆಯದನ್ನೂ ಮುಟ್ಟುತ್ತಿರಲಿಲ್ಲ. ಒಂದನ್ನು ಮಾತ್ರ ಸರಿಸುತ್ತಿದ್ದೆ. ಅದೇ ರಾತ್ರಿ ಬ್ರಾಕ್ ಲೆಸ್ನರ್, ರೆಸಲ್‌ಮೇನಿಯಾದಲ್ಲಿ 21 ಪಂದ್ಯ ಸೋಲದೆ ಬಂದಿದ್ದ ಅಂಡರ್‌ಟೇಕರ್‌ನನ್ನು ಸೋಲಿಸಿದ. ಸಾವಿನ ಮನೆಯಂತೆ ಇಡೀ ಡೋಮ್ ಮೌನವಾಯಿತು. ಆ ಮೌನದ ಬಾಯಿಗೆ ಕಂಪನಿ ದೂಡಿದ್ದು 14 ಹೆಂಗಸರ ಒಂದೇ ಪಂದ್ಯವನ್ನು, ಅದೂ ಏಳು ನಿಮಿಷಕ್ಕಿಂತ ಕಡಿಮೆ. ಜನ ಉಸಿರು ಸುಧಾರಿಸಿಕೊಳ್ಳಲಿ ಎಂಬ ಲೆಕ್ಕ. ನಾನಾಗಿದ್ದರೆ ಆ ಜಾಗಕ್ಕೆ ಸೀನಾ ಮತ್ತು ಬ್ರೇ ವಯಟ್ ಪಂದ್ಯವನ್ನು ತರುತ್ತಿದ್ದೆ. ಆ ಪೆಟ್ಟು ತಾಳುವ ಹೆಸರು ಸೀನಾನದ್ದು. ಹೆಂಗಸರ ಚಾಂಪಿಯನ್‌ಶಿಪ್‌ಗೆ ಇಬ್ಬರೇ, ಹದಿನೈದು ನಿಮಿಷ, ಜನ ಇನ್ನೂ ಹುರುಪಿನಲ್ಲಿರುವ ಮೂರನೆಯ ಜಾಗ. ಇದು ದೊಡ್ಡ ಕನಸೇನಲ್ಲ. ಸರಿಯಾಗಿ ಐದು ವರ್ಷಕ್ಕೆ, 2019ರ ಏಪ್ರಿಲ್‌ನಲ್ಲಿ ರೆಸಲ್‌ಮೇನಿಯಾದ ಕೊನೆಯ ಪಂದ್ಯ ಮೊದಲ ಬಾರಿಗೆ ಹೆಂಗಸರದ್ದಾಯಿತು. ಗೆದ್ದವಳು ಬೆಕಿ ಲಿಂಚ್. ಅವಳನ್ನೂ ಕಥೆ ಖಳಳನ್ನಾಗಿ ಮಾಡಹೊರಟಾಗ, ಜನ ಜೈಕಾರ ಹಾಕಿ ನಾಯಕಿಯನ್ನಾಗಿ ಮಾಡಿದ್ದರು.

ಇಷ್ಟು ಹೇಳಿ ಗೆದ್ದೆವೆಂದು ಬೀಗಬಹುದಿತ್ತು. ಆದರೆ ಬ್ರಯನ್‌ನ ಕಥೆ ಆ ರಾತ್ರಿಗೆ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಅವನ ಕುತ್ತಿಗೆಗೆ ಶಸ್ತ್ರಚಿಕಿತ್ಸೆಯಾಯಿತು. ಜೂನ್‌ನಲ್ಲಿ ಬೆಲ್ಟ್ ಹಿಂದಕ್ಕೆ ಹೋಯಿತು. 2016ರ ಫೆಬ್ರವರಿಯಲ್ಲಿ, ತಲೆಗೆ ಬಿದ್ದ ಪೆಟ್ಟುಗಳ ಕಾರಣದಿಂದ ಸಿಯಾಟಲ್‌ನಲ್ಲಿ ನಿವೃತ್ತಿ ಘೋಷಿಸಿದ. ತನ್ನೂರಿನ ಕಡೆಯ ಜನರ ಮುಂದೆ ಅವನು ಅಳುತ್ತ, ನಗುತ್ತ ಮಾತಾಡಿದ. ಅವರು ಅದೇ ಬೆರಳುಗಳನ್ನು ಎತ್ತಿ ಅದೇ ‘ಯೆಸ್’ ಕೂಗಿದರು. ಎರಡು ವರ್ಷಗಳ ನಂತರ ವೈದ್ಯರ ಒಪ್ಪಿಗೆ ಪಡೆದು ಮರಳಿದ ಎಂಬುದು ಸಮಾಧಾನ. ಆದರೆ ಅವನು ಒಂದೇ ರಾತ್ರಿ ಎರಡೆರಡು ದೀರ್ಘ ಪಂದ್ಯ ಆಡಲಿ ಎಂದು ಕೂಗಿದವರಲ್ಲಿ, ದೂರದ ಮೈಸೂರಿನಲ್ಲಿ ಕೂತ ನಾನೂ ಒಬ್ಬ.

ಗರಡಿಯ ಹಿರಿಯರು ಜೋಡಿ ಕಟ್ಟುವಾಗ ಹುಡುಗನ ಭುಜ ಮುಟ್ಟಿ, ಕುತ್ತಿಗೆ ಒತ್ತಿ ನೋಡುವುದನ್ನು ತಾತನ ಜೊತೆ ಹೋಗಿ ನಾನೂ ಕಂಡಿದ್ದೇನೆ. “ಇವ್ನು ಇನ್ನೂ ಎಳೇದು, ಈ ವರ್ಷ ಬ್ಯಾಡ” ಎಂದು ಒಬ್ಬನನ್ನು ಹಿಂದಕ್ಕೆ ಕಳಿಸಿದ್ದೂ ನೆನಪಿದೆ. ಆ ಹುಡುಗ ಮುಖ ಊದಿಸಿಕೊಂಡು ಹೋಗಿದ್ದ.

ಹಳೆಯ ನೋಟ್ ಪುಸ್ತಕ ಹೋದ ವರ್ಷ ಅಟ್ಟದ ಮೇಲೆ ಸಿಕ್ಕಿತು. ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲವನ್ನೂ ಟ್ರಂಪ್ ಕಾರ್ಡ್ ನೋಡಿ ಬರೆದಿದ್ದೆ. ಯಾರಿಗೆ ಎಲ್ಲಿ ನೋವಿದೆ ಎಂದು ಬರೆಯಲು ಒಂದು ಕಾಲಂ ಎಳೆದಿರಲಿಲ್ಲ.