ನಿದ್ದೆಗೆ ಮುಂಚಿನ ಉರಿ

ಆಪರೇಷನ್ ಟೇಬಲ್ ಮೇಲೆ ಮಲಗಿಸಿ ಕೈ ನರಕ್ಕೆ ಹಾಲಿನಂಥ ಬಿಳಿ ಔಷಧಿ ಕೊಡ್ತಾರಲ್ಲ, ಅದೇ ಪ್ರೊಪೊಫಾಲ್. ಒಂದು ನಿಮಿಷದೊಳಗೆ ನಿದ್ದೆ. ಆದರೆ ನಿದ್ದೆ ಹತ್ತುವ ಮುಂಚೆ ಬಹಳ ಜನರಿಗೆ ಕೈಯುದ್ದಕ್ಕೂ ಉರಿ ಏರುತ್ತದೆ. ಈ ಉರಿಗೂ ಒಂದು ಚರಿತ್ರೆಯಿದೆ.

1973ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಈ ಔಷಧಿಯನ್ನು ಗುರುತಿಸಿದ ತಂಡದ ಪ್ರಮುಖರು ಇಯಾನ್ ಗ್ಲೆನ್, ಸ್ಕಾಟ್ಲೆಂಡಿನ ಪಶುವೈದ್ಯರು. ಆಗ ಚಾಲ್ತಿಯಲ್ಲಿದ್ದದ್ದು 1934ರಿಂದ ಬಳಸುತ್ತಿದ್ದ ಥಯೋಪೆಂಟಾಲ್. ಅದರ ಮಂಪರು ಬೇಗ ಇಳಿಯುತ್ತಿರಲಿಲ್ಲ. ಪ್ರೊಪೊಫಾಲ್ ಹಾಗಲ್ಲ, ಎದ್ದವರ ತಲೆ ಬೇಗ ತಿಳಿಯಾಗುತ್ತಿತ್ತು. ತೊಂದರೆ ಏನಪ್ಪಾ ಅಂದ್ರೆ, ಅದು ನೀರಿನಲ್ಲಿ ಸರಿಯಾಗಿ ಕರಗೋದಿಲ್ಲ. 1977ರಲ್ಲಿ ಕ್ರೆಮೊಫೋರ್ ಎಂಬ ದ್ರಾವಕದಲ್ಲಿ ಬೆರೆಸಿ ಮನುಷ್ಯರಿಗೆ ಕೊಟ್ಟು ನೋಡಿದರು. ಉರಿ ಬಂತು, ಕೆಲವರಿಗೆ ತೀವ್ರ ಅಲರ್ಜಿಯೂ ಆಯಿತು. ಅದನ್ನು ಕೈಬಿಟ್ಟು, ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಸೇರಿಸಿದ ಬಿಳಿ ರೂಪವನ್ನು 1986ರಲ್ಲಿ ಮಾರುಕಟ್ಟೆಗೆ ತಂದರು. ಕ್ರೆಮೊಫೋರಿನ ಕಾಟ ತಪ್ಪಿತು, ಉರಿ ಮಾತ್ರ ಉಳೀತು. ಎಣ್ಣೆಹನಿಗಳೊಳಗೆ ಸೇರದೆ ನೀರಿನಲ್ಲೇ ಉಳಿದ ಒಂಚೂರು ಪ್ರೊಪೊಫಾಲ್ ರಕ್ತನಾಳದ ಒಳಗೋಡೆಯನ್ನು ಕೆರಳಿಸುತ್ತದೆ.

"ಕೆಲವೇ ಸೆಕೆಂಡಿನ ನೋವು, ಹೇಗೂ ನಿದ್ದೆ ಬರುತ್ತೆ ಬಿಡಿ" ಅಂತ ಸುಮ್ಮನಾಗಬಹುದಿತ್ತು. ಅರಿವಳಿಕೆ ವೈದ್ಯರು ಸುಮ್ಮನಾಗಲಿಲ್ಲ. ತಣ್ಣಗೆ ಮಾಡಿ ಕೊಟ್ಟರು, ನಿಧಾನಕ್ಕೆ ಕೊಟ್ಟರು, ಮೊದಲೇ ಬೇರೆ ಬೇರೆ ನೋವು ನಿವಾರಕ ಕೊಟ್ಟು ನೋಡಿದರು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 177 ಪ್ರಯೋಗಗಳ, 25,260 ರೋಗಿಗಳ ಲೆಕ್ಕ ಒಟ್ಟಿಗೆ ಬಂತು. ಏನೂ ಮಾಡದಿದ್ದರೆ ನೂರಕ್ಕೆ ಸುಮಾರು 60 ಜನರಿಗೆ ನೋವು. ತಡೆಯೋ ದಾರಿಗಳಲ್ಲಿ ಎರಡು ಎಲ್ಲಕ್ಕಿಂತ ಮೇಲು. ಒಂದು, ಹಸ್ತದ ಹಿಂಬದಿಯ ಸಣ್ಣ ನರ ಬಿಟ್ಟು ಮೊಣಕೈ ಮಡಿಕೆಯ ದೊಡ್ಡ ನರಕ್ಕೆ ಸೂಜಿ ಹಾಕುವುದು. ಇನ್ನೊಂದು, ತೋಳಿಗೆ ಪಟ್ಟಿ ಬಿಗಿದು, ಮೊದಲು ಲಿಗ್ನೋಕೇನ್ ಕೊಟ್ಟು ನರದಲ್ಲೇ ತುಸು ಹೊತ್ತು ನಿಲ್ಲಿಸಿ, ಆಮೇಲೆ ಪ್ರೊಪೊಫಾಲ್ ಬಿಡುವುದು.

ಎರಡನೆಯದರಲ್ಲಿ ಹೊಸದೇನೂ ಇಲ್ಲ ನೋಡಿ. ಲಿಗ್ನೋಕೇನ್ 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ತಯಾರಿಸಿದ್ದು. ಪಟ್ಟಿ ಬಿಗಿದು ನರಕ್ಕೆ ಮರಗಟ್ಟಿಸುವ ಔಷಧಿ ತುಂಬುವ ಉಪಾಯ 1908ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ತೋರಿಸಿದ್ದು. ಹೊಸ ಔಷಧಿಯ ಉರಿಗೆ ಹಳೆಯವರ ಪೆಟ್ಟಿಗೆಯಲ್ಲೇ ಮದ್ದಿತ್ತು.

ಮೊಣಕೈಯಲ್ಲಿ ಸೂಜಿ ಇದ್ದರೆ ಕೈ ಮಡಿಚಿದಾಗ ಡ್ರಿಪ್ ನಿಲ್ಲುತ್ತೆ ಅನ್ನೋ ತಕರಾರು ಇದ್ದೇ ಇದೆ. ಆಗ ಪಟ್ಟಿ, ಲಿಗ್ನೋಕೇನ್, ಒಂದೆರಡು ನಿಮಿಷದ ತಾಳ್ಮೆ ಇದ್ದರೆ ಸಾಕು. ಆಮೇಲೆ ಮರೆತುಹೋದರೂ ನೋವು ನೋವೇ. ಭಯದಿಂದ ಮಲಗಿರುವ ಮನುಷ್ಯನಿಗೆ ಎಚ್ಚರ ತಪ್ಪುವ ಮುಂಚಿನ ಕೊನೆಯ ಅನುಭವ ಅದೇ ಆಗಿರುತ್ತದೆ.