ಅಮೆರಿಕದ ದಿನಪತ್ರಿಕೆಗಳ ರಾಜಕೀಯ ವ್ಯಂಗ್ಯಚಿತ್ರ (1900–1930)

ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಅಮೆರಿಕದ ದಿನಪತ್ರಿಕೆಗಳು ರಾಜಕೀಯ ವ್ಯಂಗ್ಯಚಿತ್ರವನ್ನು ನಿತ್ಯದ ಅಂಕಣವಾಗಿಸಿದವು. ಎಷ್ಟೋ ಪತ್ರಿಕೆಗಳಲ್ಲಿ ಅದು ಮುಖಪುಟದಲ್ಲೇ, ಹಲವು ಕಾಲಂಗಳ ಅಗಲಕ್ಕೆ ಅಚ್ಚಾಗುತ್ತಿತ್ತು. ಹೋಮರ್ ಡೇವನ್‌ಪೋರ್ಟ್, ಫ್ರೆಡರಿಕ್ ಬರ್ ಆಪರ್, ಕ್ಲಿಫರ್ಡ್ ಬೆರಿಮನ್, ಜಾನ್ ಟಿ. ಮೆಕ್‌ಕಚನ್, ಜೇ ‘ಡಿಂಗ್’ ಡಾರ್ಲಿಂಗ್, ರಾಲಿನ್ ಕರ್ಬಿ, ಆರ್ಟ್ ಯಂಗ್ ಮತ್ತು ರಾಬರ್ಟ್ ಮೈನರ್ ಈ ಅವಧಿಯ ಮುಖ್ಯ ಹೆಸರುಗಳು. ಕಂಪನಿಗಳ ಏಕಸ್ವಾಮ್ಯ, ಪಕ್ಷದ ಧಣಿಗಳು, ಮಹಾಯುದ್ಧ, ಪಾನನಿರೋಧದಂಥ ದೊಡ್ಡ ಸಂಗತಿಗಳಿಗೆ ಇವರು ಮುಖ, ಹೊಟ್ಟೆ, ಉಡುಪು ಕೊಟ್ಟು ಗುರುತಿನ ಮನುಷ್ಯರನ್ನಾಗಿ ಮಾಡಿದರು. ಇಂಗ್ಲಿಷ್ ಓದಲು ಬಾರದ ವಲಸಿಗರೂ ಈ ಚಿತ್ರಗಳನ್ನು ಅರ್ಥಮಾಡಿಕೊಳ್ಳಬಲ್ಲವರಾಗಿದ್ದರು. ಇವುಗಳ ಬಲವೂ, ಇವುಗಳ ಬಗ್ಗೆ ರಾಜಕಾರಣಿಗಳಿಗಿದ್ದ ಭಯವೂ ಇಲ್ಲಿಂದಲೇ ಹುಟ್ಟಿದ್ದು.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಲೆಯ ನೆಲೆ ವಾರಪತ್ರಿಕೆಗಳಾಗಿದ್ದವು. ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಥಾಮಸ್ ನಾಸ್ಟ್ ನ್ಯೂಯಾರ್ಕ್ ನಗರದ ಭ್ರಷ್ಟ ಧಣಿ ವಿಲಿಯಂ ಟ್ವೀಡ್‌ನ ಬೆನ್ನುಹತ್ತಿದ್ದ, ರಿಪಬ್ಲಿಕನ್ ಪಕ್ಷಕ್ಕೆ ಆನೆಯ ಗುರುತನ್ನು 1874ರಲ್ಲಿ ಕೊಟ್ಟವನೂ ಅವನೇ. ‘ಪಕ್’ ಮತ್ತು ‘ಜಡ್ಜ್’ ಬಣ್ಣದ ಚಿತ್ರಗಳಿಂದ ಹೆಸರಾದವು. ಆದರೆ ವಾರಪತ್ರಿಕೆಯ ಚಿತ್ರ ಓದುಗನ ಕೈ ಸೇರುವ ಹೊತ್ತಿಗೆ ಸುದ್ದಿ ಹಳತಾಗಿರುತ್ತಿತ್ತು.

ದಿನಪತ್ರಿಕೆಯಲ್ಲಿ ಚಿತ್ರದ ಶಕ್ತಿ ಏನೆಂಬುದು 1884ರ ಅಧ್ಯಕ್ಷೀಯ ಚುನಾವಣೆಯಲ್ಲಿ ಕಂಡಿತು. ಮತದಾನಕ್ಕೆ ಕೆಲವೇ ದಿನ ಮೊದಲು ರಿಪಬ್ಲಿಕನ್ ಅಭ್ಯರ್ಥಿ ಜೇಮ್ಸ್ ಬ್ಲೇನ್ ನ್ಯೂಯಾರ್ಕ್‌ನ ಡೆಲ್ಮೊನಿಕೊ ಹೋಟೆಲಿನಲ್ಲಿ ಸಿರಿವಂತರೊಂದಿಗೆ ಊಟಕ್ಕೆ ಕೂತ. ಮರುದಿನ, ಅಕ್ಟೋಬರ್ 30ರಂದು, ಜೋಸೆಫ್ ಪುಲಿಟ್ಜರ್‌ನ ‘ನ್ಯೂಯಾರ್ಕ್ ವರ್ಲ್ಡ್’ ಮುಖಪುಟದಲ್ಲಿ ವಾಲ್ಟ್ ಮೆಕ್‌ಡೂಗಲ್‌ನ ಚಿತ್ರ ಬಂತು. ಮೇಜಿನ ಮೇಲೆ ‘ಏಕಸ್ವಾಮ್ಯದ ಸೂಪು’, ‘ಲಾಬಿ ಪುಡ್ಡಿಂಗ್’. ಎದುರಿಗೆ ಹೆಂಡತಿ ಮಗುವಿನೊಂದಿಗೆ ತುತ್ತಿಗೆ ಕೈಚಾಚಿದ ಬಡವ. ಬ್ಲೇನ್ ನ್ಯೂಯಾರ್ಕ್ ರಾಜ್ಯವನ್ನು ಸಾವಿರದ ಚಿಲ್ಲರೆ ಮತಗಳಿಂದ ಕಳೆದುಕೊಂಡ. ಅದರೊಂದಿಗೆ ಅಧ್ಯಕ್ಷ ಪದವಿಯೂ ಹೋಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಪತ್ರಿಕಾ ಮಾಲೀಕರು ಪಾಠ ಕಲಿತರು: ಸಂಬಳದ ಮೇಲೆ ಒಬ್ಬ ವ್ಯಂಗ್ಯಚಿತ್ರಕಾರ ಕಚೇರಿಯಲ್ಲೇ ಇರಬೇಕು.

ಚಿತ್ರ ಅಚ್ಚಾಗುತ್ತಿದ್ದ ಬಗೆ

ಮರದ ಹಲಗೆಯಲ್ಲಿ ಚಿತ್ರ ಕೊರೆಯುವ ಹಳೆಯ ವಿಧಾನಕ್ಕೆ ಹೊತ್ತು ಹಿಡಿಯುತ್ತಿತ್ತು. ಅದರ ಜಾಗಕ್ಕೆ ಸತುವಿನ ಬ್ಲಾಕ್ ಬಂದದ್ದರಿಂದ ಚಿತ್ರ ಸುದ್ದಿಯ ವೇಗಕ್ಕೆ ಹೊಂದಿಕೊಂಡಿತು. ಕಲಾವಿದ ದಪ್ಪ ಬಿಳಿ ರಟ್ಟಿನ ಮೇಲೆ ಕಪ್ಪು ಶಾಯಿಯಲ್ಲಿ, ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆಯುತ್ತಿದ್ದ. ಬ್ಲಾಕ್ ಮಾಡುವವರು ಅದನ್ನು ಕ್ಯಾಮೆರಾದಲ್ಲಿ ಕುಗ್ಗಿಸಿ ಸತುವಿನ ತಗಡಿಗೆ ಇಳಿಸಿ ಆಮ್ಲದಲ್ಲಿ ಅದ್ದುತ್ತಿದ್ದರು. ಗೆರೆಯಿಲ್ಲದ ಭಾಗವನ್ನು ಆಮ್ಲ ತಿಂದುಹಾಕಿದರೆ ಗೆರೆ ಉಬ್ಬಿ ನಿಲ್ಲುತ್ತಿತ್ತು. ಆ ತಗಡನ್ನು ಮರದ ಕಟ್ಟೆಗೆ ಬಡಿದು ಅಚ್ಚುಮೊಳೆಗಳ ಪಕ್ಕಕ್ಕೆ ಕೂರಿಸಿದರೆ ಪುಟ ಸಿದ್ಧ.

ಈ ವಿಧಾನಕ್ಕೆ ಕಪ್ಪು ಮತ್ತು ಬಿಳಿ ಬಿಟ್ಟರೆ ನಡುವಿನ ಛಾಯೆ ಗೊತ್ತಿರಲಿಲ್ಲ. ನೆರಳು ಬೇಕೆಂದರೆ ಒತ್ತೊತ್ತಾಗಿ ಅಡ್ಡಗೆರೆ ಎಳೆಯಬೇಕಿತ್ತು. ಶತಮಾನದ ಆರಂಭದ ಚಿತ್ರಗಳಲ್ಲಿ ಗೆರೆಗಳ ಹೆಣಿಗೆ ದಟ್ಟವಾಗಿರುವುದು ಇದರಿಂದ. 1910ರ ದಶಕದಲ್ಲಿ ಮೈನರ್ ಮತ್ತು ಬೋರ್ಡ್‌ಮನ್ ರಾಬಿನ್ಸನ್ ತರಿತರಿ ಕಾಗದದ ಮೇಲೆ ಜಿಡ್ಡಿನ ಕ್ರೇಯಾನ್ ಉಜ್ಜತೊಡಗಿದರು. ಕಾಗದದ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತಿ ಸಣ್ಣ ಚುಕ್ಕಿಗಳಾಗುತ್ತಿದ್ದವು. ಅಚ್ಚಿನಲ್ಲಿ ಅವು ಬೂದುಬಣ್ಣದಂತೆ ಕಾಣುತ್ತಿದ್ದವು. ವಿವರ ಉದುರಿ ಆಕಾರ ಉಳಿಯಿತು. ಸೇಂಟ್ ಲೂಯಿಸ್‌ನ ‘ಪೋಸ್ಟ್-ಡಿಸ್ಪ್ಯಾಚ್’ನಲ್ಲಿ ಮೈನರ್‌ನ ನಂತರ ಬಂದ ಡೇನಿಯಲ್ ಫಿಟ್ಜ್‌ಪ್ಯಾಟ್ರಿಕ್ ಈ ಶೈಲಿಯನ್ನು ದಶಕಗಳ ಕಾಲ ಮುಂದುವರಿಸಿದ.

ಪ್ರಮುಖ ಚಿತ್ರಕಾರರು

ಹೋಮರ್ ಡೇವನ್‌ಪೋರ್ಟ್ (1867–1912) ಆರೆಗಾನ್ ರಾಜ್ಯದ ಸಿಲ್ವರ್ಟನ್ ಎಂಬ ಹಳ್ಳಿಯವನು. ಪತ್ರಿಕಾ ಮಾಲೀಕ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಇವನನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕ್‌ಗೆ ಕರೆತಂದ. 1896ರ ಚುನಾವಣೆಯಲ್ಲಿ ವಿಲಿಯಂ ಮೆಕಿನ್ಲಿಯ ಪ್ರಚಾರ ನಡೆಸಿದ ಉದ್ಯಮಿ ಮಾರ್ಕ್ ಹ್ಯಾನಾನಿಗೆ ಡೇವನ್‌ಪೋರ್ಟ್ ತೊಡಿಸಿದ ಸೂಟಿನ ತುಂಬ ಡಾಲರ್ ಚಿಹ್ನೆಗಳಿದ್ದವು. ಏಕಸ್ವಾಮ್ಯದ ಕಂಪನಿಕೂಟಗಳನ್ನು, ಅಂದರೆ ‘ಟ್ರಸ್ಟ್’ಗಳನ್ನು, ಅವನು ಮಾಂಸಖಂಡಗಳ ದೈತ್ಯನನ್ನಾಗಿ ಬರೆದ. ಮುಂದೆ ಹರ್ಸ್ಟ್‌ನನ್ನು ಬಿಟ್ಟು ‘ಈವ್ನಿಂಗ್ ಮೇಲ್’ ಸೇರಿದ ಇದೇ ಕೈ, 1904ರಲ್ಲಿ ಅಮೆರಿಕದ ಪ್ರತೀಕವಾದ ಅಂಕಲ್ ಸ್ಯಾಮ್, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ನ ಹೆಗಲ ಮೇಲೆ ಕೈಯಿಟ್ಟು ಮೆಚ್ಚುವ ಚಿತ್ರ ಬರೆಯಿತು; ರಿಪಬ್ಲಿಕನ್ನರು ಅದನ್ನು ಪ್ರಚಾರಕ್ಕೆ ಧಾರಾಳವಾಗಿ ಬಳಸಿಕೊಂಡರು. ಪತ್ರಿಕೆ ಬದಲಾದರೆ ಗೆರೆಯ ನಿಷ್ಠೆಯೂ ಬದಲಾಗುತ್ತಿತ್ತು ಎಂಬುದಕ್ಕೆ ಡೇವನ್‌ಪೋರ್ಟ್ ಆ ಕಾಲದ ಸ್ಪಷ್ಟ ಉದಾಹರಣೆ.

ಫ್ರೆಡರಿಕ್ ಬರ್ ಆಪರ್ (1857–1937) ‘ಪಕ್’ನಿಂದ ಹರ್ಸ್ಟ್ ಪತ್ರಿಕೆಗೆ ಬಂದವನು. 1900ರ ‘ವಿಲ್ಲಿ ಮತ್ತು ಅವನ ಪಪ್ಪ’ ಸರಣಿಯಲ್ಲಿ ಅಧ್ಯಕ್ಷ ಮೆಕಿನ್ಲಿ ಚಡ್ಡಿ ತೊಟ್ಟ ಪುಟ್ಟ ಹುಡುಗ, ಡೊಳ್ಳುಹೊಟ್ಟೆಯ ಟ್ರಸ್ಟ್ ಅವನ ತಂದೆ, ಹ್ಯಾನಾ ಆಯಾ. ಜತೆಗೆ ಆಡಲು ಬರುವ ಗದ್ದಲದ ಹುಡುಗ ರೂಸ್‌ವೆಲ್ಟ್.

ಕ್ಲಿಫರ್ಡ್ ಬೆರಿಮನ್ (1869–1949) ವಾಷಿಂಗ್ಟನ್ ನಗರದ ಚಿತ್ರಕಾರ. ನವೆಂಬರ್ 1902ರಲ್ಲಿ ರೂಸ್‌ವೆಲ್ಟ್ ಮಿಸಿಸಿಪ್ಪಿಗೆ ಕರಡಿ ಬೇಟೆಗೆ ಹೋದಾಗ, ಗುಲಾಮಗಿರಿಯಲ್ಲಿ ಹುಟ್ಟಿದ್ದ ಹೆಸರಾಂತ ಬೇಟೆಗಾರ ಹೋಲ್ಟ್ ಕಾಲಿಯರ್ ಒಂದು ಕರಡಿಯನ್ನು ಹಿಡಿದು ಮರಕ್ಕೆ ಕಟ್ಟಿದ. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹೊಡೆಯಲು ಅಧ್ಯಕ್ಷ ಒಪ್ಪಲಿಲ್ಲ. ನವೆಂಬರ್ 16ರ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಬೆರಿಮನ್ ಬರೆದ ಚಿತ್ರದಲ್ಲಿ ರೂಸ್‌ವೆಲ್ಟ್ ಕರಡಿಗೆ ಬೆನ್ನುಮಾಡಿ ನಿಂತಿದ್ದಾನೆ, ಬಂದೂಕಿನ ಹಿಡಿ ನೆಲಕ್ಕೂರಿದೆ, ಬೇಡವೆನ್ನುವಂತೆ ಅಂಗೈ ಹಿಂದಕ್ಕೆ ಚಾಚಿದೆ. ಹಿಂದೆ ಒಬ್ಬ ಕೊರಳಿಗೆ ಹಗ್ಗ ಬಿಗಿದ ಕರಡಿಯನ್ನು ಜಗ್ಗಿ ಹಿಡಿದಿದ್ದಾನೆ. ಅಡಿಬರಹ ‘ಮಿಸಿಸಿಪ್ಪಿಯಲ್ಲಿ ಗೆರೆ ಎಳೆದದ್ದು’. ಆ ಹೊತ್ತಿಗೆ ಮಿಸಿಸಿಪ್ಪಿಗೂ ಲೂಸಿಯಾನಕ್ಕೂ ಇದ್ದ ಗಡಿಜಗಳ ಅದರ ಒಂದು ಅರ್ಥ. ಕರಿಯರನ್ನೂ ಬಿಳಿಯರನ್ನೂ ಬೇರ್ಪಡಿಸುವ ವರ್ಣದ ಗೆರೆ ಇನ್ನೊಂದು ಎಂದು ಕೆಲವು ಇತಿಹಾಸಕಾರರು ಓದಿದ್ದಾರೆ. ಅಚ್ಚಿನಲ್ಲಿ ಬಾರದ ಸಂಗತಿಯೊಂದಿದೆ: ಗಾಯಗೊಂಡಿದ್ದ ಆ ಕರಡಿಯನ್ನು ನರಳಲು ಬಿಡದೆ ಚಾಕುವಿನಿಂದ ಕೊಲ್ಲಲಾಯಿತು.

ಬೆರಿಮನ್ ಕರಡಿಯನ್ನು ಬಿಡಲಿಲ್ಲ. ಮುಂದಿನ ಚಿತ್ರಗಳಲ್ಲಿ ಅದು ಕುಗ್ಗಿ, ಕಣ್ಣರಳಿಸಿದ ಮರಿಯಾಗಿ, ರೂಸ್‌ವೆಲ್ಟ್‌ನ ಕಾಲಬಳಿ ಕಾಣಿಸಿಕೊಳ್ಳತೊಡಗಿತು. ಬ್ರೂಕ್ಲಿನ್‌ನ ಅಂಗಡಿಕಾರ ಮಾರಿಸ್ ಮಿಚ್ಟಮ್ ಬಟ್ಟೆಯ ಕರಡಿ ಹೊಲಿಸಿ ಮಾರಿದ. ರೂಸ್‌ವೆಲ್ಟ್‌ನ ಅಡ್ಡಹೆಸರಿನಿಂದ ಅದಕ್ಕೆ ಟೆಡ್ಡಿ ಬೇರ್ ಎಂಬ ಹೆಸರು ನಿಂತದ್ದು ಹೀಗೆ. 1907ರಲ್ಲಿ ‘ಈವ್ನಿಂಗ್ ಸ್ಟಾರ್’ ಸೇರಿದ ಬೆರಿಮನ್ ಸಾಯುವವರೆಗೂ ಅಲ್ಲೇ ಬರೆದ.

ಮಧ್ಯಪಶ್ಚಿಮದ ಚಿತ್ರಕಾರರ ಗೆರೆ ಮೃದು. ‘ಷಿಕಾಗೊ ಟ್ರಿಬ್ಯೂನ್’ನ ಮೆಕ್‌ಕಚನ್ (1870–1949) ಚುಚ್ಚುವುದಕ್ಕಿಂತ ನಗಿಸುವುದನ್ನು ಇಷ್ಟಪಟ್ಟವನು. ಡೆಮಾಕ್ರಟರ ಕೋಟೆಯಾಗಿದ್ದ ಮಿಸ್ಸೂರಿ ರಾಜ್ಯ 1904ರಲ್ಲಿ ರಿಪಬ್ಲಿಕನ್ನರ ಕಡೆ ವಾಲಿದಾಗ, ರಿಪಬ್ಲಿಕನ್ ರಾಜ್ಯಗಳ ಸಾಲಿನಲ್ಲಿ ಒಬ್ಬ ಅಪರಿಚಿತ ಬಂದು ನಿಂತಂತೆ ಬರೆದ. ಅಯೋವಾದ ‘ಡಿ ಮಾಯ್ನ್ ರಿಜಿಸ್ಟರ್’ಗೆ 1906ರಲ್ಲಿ ಸೇರಿದ ಡಾರ್ಲಿಂಗ್ (1876–1962) ರೈತರ, ನೆಲಜಲದ ಚಿತ್ರಕಾರ. 1919ರ ಜನವರಿಯಲ್ಲಿ ರೂಸ್‌ವೆಲ್ಟ್ ತೀರಿಕೊಂಡಾಗ, ಕುದುರೆಯೇರಿ ಟೋಪಿ ಬೀಸುತ್ತ ಮಸುಕಾಗುವ ಸವಾರನಾಗಿ ಅವನನ್ನು ಬರೆದ. ಕಾಡುಪ್ರಾಣಿಗಳ ಪರ ದನಿಯೆತ್ತಿದ ಇವನನ್ನು 1934ರಲ್ಲಿ ಸರ್ಕಾರ ಜೈವಿಕ ಸಮೀಕ್ಷಾ ಇಲಾಖೆಯ ಮುಖ್ಯಸ್ಥನನ್ನಾಗಿ ಮಾಡಿತು. ಬಾತುಕೋಳಿ ಬೇಟೆಯ ಮೊದಲ ಫೆಡರಲ್ ಸ್ಟಾಂಪಿನ ಚಿತ್ರವೂ ಡಾರ್ಲಿಂಗ್‌ನದೇ.

ಕಾನೂನಿನ ಕಡಿವಾಣ

ಡೇವನ್‌ಪೋರ್ಟ್‌ನ ಚಿತ್ರಗಳಿಂದ ಕೆರಳಿದ ರಿಪಬ್ಲಿಕನ್ ನಾಯಕ ಥಾಮಸ್ ಪ್ಲಾಟ್‌ನ ಬಣ 1897ರಲ್ಲಿ ನ್ಯೂಯಾರ್ಕ್‌ನಲ್ಲಿ ವ್ಯಂಗ್ಯಚಿತ್ರ ತಡೆಯುವ ಮಸೂದೆ ತಂದು ಸೋತಿತು. 1899ರಲ್ಲಿ ಕ್ಯಾಲಿಫೋರ್ನಿಯಾ ಅಂಥದೊಂದು ಕಾಯಿದೆ ಮಾಡಿತು. ಹೆಚ್ಚು ನಗೆಪಾಟಲಾದದ್ದು ಪೆನ್ಸಿಲ್ವೇನಿಯಾ. ಅಲ್ಲಿನ ಗವರ್ನರ್ ಸ್ಥಾನಕ್ಕೆ ನಿಂತ ಸ್ಯಾಮ್ಯುಯಲ್ ಪೆನ್ನಿಪ್ಯಾಕರ್‌ನನ್ನು ‘ಫಿಲಡೆಲ್ಫಿಯಾ ನಾರ್ತ್ ಅಮೆರಿಕನ್’ ಪತ್ರಿಕೆಯ ಚಾರ್ಲ್ಸ್ ನೆಲನ್ ಪಕ್ಷದ ಧಣಿ ಹೇಳಿಕೊಟ್ಟದ್ದನ್ನು ಉಲಿಯುವ ಗಿಣಿಯಾಗಿ ಬರೆದಿದ್ದ. ಪೆನ್ನಿಪ್ಯಾಕರ್ ಗೆದ್ದ, 1903ರ ಜನವರಿಯಲ್ಲಿ ಮನುಷ್ಯರನ್ನು ಪ್ರಾಣಿಪಕ್ಷಿಗಳಾಗಿ ಚಿತ್ರಿಸುವುದನ್ನು ನಿಷೇಧಿಸುವ ಮಸೂದೆ ಶಾಸನಸಭೆಗೆ ಬಂತು. ಅದೇ ಪತ್ರಿಕೆಯಲ್ಲಿದ್ದ ಮೆಕ್‌ಡೂಗಲ್, ಮಸೂದೆಯಲ್ಲಿ ತರಕಾರಿಯ ಹೆಸರಿಲ್ಲವಲ್ಲ ಎಂದುಕೊಂಡು, ರಾಜಕಾರಣಿಗಳನ್ನು ಗೆಡ್ಡೆ, ಮರ, ಬಿಯರ್ ಲೋಟಗಳಾಗಿ ಬರೆದು ಮುಖಪುಟದಲ್ಲಿ ಹಾಕಿದ. ಕೊನೆಗೆ ಪ್ರಾಣಿಗಳ ಮಾತು ಕೈಬಿಟ್ಟು, ಮಾಲೀಕ ಸಂಪಾದಕರ ಹೆಸರನ್ನು ಅಚ್ಚುಮಾಡಲೇಬೇಕೆನ್ನುವ, ಮಾನನಷ್ಟದ ನಿಯಮ ಬಿಗಿಗೊಳಿಸುವ ಕಾಯಿದೆಗೆ ಗವರ್ನರ್ ಸಹಿ ಹಾಕಿದ. 1907ರಲ್ಲಿ ಅದು ರದ್ದಾಯಿತು.

ಎಡಪಂಥ ಮತ್ತು ಮಹಾಯುದ್ಧ

ಮಾಲೀಕರ ಮರ್ಜಿ ಬೇಡವೆಂದ ಕಲಾವಿದರಿಗೆ ನ್ಯೂಯಾರ್ಕ್‌ನ ‘ದಿ ಮಾಸಸ್’ (1911–1917) ಆಸರೆಯಾಯಿತು. ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಕಾರ್ಮಿಕರ ಮುಷ್ಕರದ ಸುದ್ದಿಯನ್ನು ಅಸೋಸಿಯೇಟೆಡ್ ಪ್ರೆಸ್ ತಿರುಚಿತೆಂದು ಆರೋಪಿಸಿ ಆರ್ಟ್ ಯಂಗ್ (1866–1943) 1913ರಲ್ಲಿ ಒಂದು ಚಿತ್ರ ಬರೆದ. ಅದರಲ್ಲಿ ಆ ಸಂಸ್ಥೆ ಊರಿನ ಜಲಾಶಯಕ್ಕೆ ಸುಳ್ಳಿನ ವಿಷ ಸುರಿಯುತ್ತಿತ್ತು. ಯಂಗ್ ಮತ್ತು ಸಂಪಾದಕ ಮ್ಯಾಕ್ಸ್ ಈಸ್ಟ್‌ಮನ್ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿ ನಂತರ ಕೈಬಿಡಲಾಯಿತು. ಜುಲೈ 1916ರಲ್ಲಿ ಮೈನರ್ ಬರೆದ ಚಿತ್ರದಲ್ಲಿ ಸೇನೆಯ ವೈದ್ಯ ಒಬ್ಬ ಭೀಮಕಾಯನನ್ನು ಕಂಡು ಹಿಗ್ಗುತ್ತಾನೆ. ಆ ದೇಹಕ್ಕೆ ತಲೆಯೇ ಇಲ್ಲ. ಪರಿಪೂರ್ಣ ಸೈನಿಕ ಸಿಕ್ಕಿದನೆಂದು ವೈದ್ಯನ ಸಂತೋಷ.

1917ರಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಇಂಥ ನಗೆಗೆ ಜಾಗ ಉಳಿಯಲಿಲ್ಲ. ಅಂಚೆ ಇಲಾಖೆ ‘ದಿ ಮಾಸಸ್’ನ ರವಾನೆ ತಡೆಯಿತು. 1918ರಲ್ಲಿ ಬೇಹುಗಾರಿಕೆ ಕಾಯಿದೆಯಡಿ ಯಂಗ್, ಈಸ್ಟ್‌ಮನ್ ಮತ್ತಿತರರ ವಿಚಾರಣೆ ಎರಡು ಬಾರಿ ನಡೆಯಿತು. ಶಿಕ್ಷೆಯಾದರೆ ವರ್ಷಗಟ್ಟಲೆ ಸೆರೆಮನೆ. ಯಂಗ್ ಮಾತ್ರ ನ್ಯಾಯಾಲಯದಲ್ಲೇ ನಿದ್ದೆಹೋದ, ಎದ್ದಮೇಲೆ ತೂಕಡಿಸುವ ತನ್ನ ಚಿತ್ರವನ್ನೇ ಬರೆದ. ಎರಡು ಸಲವೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಅದೇ ವರ್ಷ ಸರ್ಕಾರದ ಪ್ರಚಾರ ಸಮಿತಿ ವ್ಯಂಗ್ಯಚಿತ್ರಗಳಿಗೆಂದೇ ಒಂದು ವಿಭಾಗ ತೆರೆದು, ಯಾವ ವಿಷಯ ಬರೆದರೆ ಒಳ್ಳೆಯದೆಂಬ ಸೂಚನಾಪತ್ರವನ್ನು ದೇಶದ ಚಿತ್ರಕಾರರಿಗೆ ಕಳಿಸತೊಡಗಿತು. ಬಹುಪಾಲು ಪತ್ರಿಕೆಗಳು ಯುದ್ಧದ ಬೆನ್ನಿಗೆ ನಿಂತಿದ್ದರಿಂದ ಬಲವಂತ ಬೇಕಾಗಲಿಲ್ಲ.

ಮಹಿಳೆಯರು ಮತ್ತು ಕರಿಯರ ಪತ್ರಿಕೆಗಳು

ದೊಡ್ಡ ಪತ್ರಿಕೆಗಳ ಈ ವೃತ್ತಿ ಹೆಚ್ಚುಕಡಿಮೆ ಬಿಳಿಯ ಗಂಡಸರದು. ಅವರ ಗೆರೆಯಲ್ಲಿ ಕರಿಯರು, ಫಿಲಿಪಿನೊಗಳು, ಚೀನೀಯರು ದಪ್ಪತುಟಿಯ, ಪೆದ್ದುಮುಖದ ಪಡಿಯಚ್ಚುಗಳಾಗಿದ್ದರು. ಧಣಿಗಳನ್ನು ಧೈರ್ಯವಾಗಿ ಹಂಗಿಸಿದವರೂ ಇದಕ್ಕೆ ಹೊರತಾಗಿರಲಿಲ್ಲ. ಇಂಡಿಯಾನಾಪೊಲಿಸ್‌ನ ‘ಫ್ರೀಮನ್’ನಲ್ಲಿ ಹೆನ್ರಿ ಜಾಕ್ಸನ್ ಲೂಯಿಸ್ 1889ರಿಂದಲೇ ಕರಿಯರ ಕಣ್ಣಿನಿಂದ ರಾಜಕೀಯ ಚಿತ್ರಿಸಿದ್ದ, 1905ರಲ್ಲಿ ಶುರುವಾದ ‘ಷಿಕಾಗೊ ಡಿಫೆಂಡರ್’ ಆ ದಾರಿಯನ್ನು ಅಗಲಿಸಿತು. ಹೆಣ್ಣುಮಕ್ಕಳ ಮತದ ಹಕ್ಕಿಗಾಗಿ ‘ದಿ ಸಫ್ರಜಿಸ್ಟ್’ನಲ್ಲಿ ಬರೆದ ನೀನಾ ಅಲೆಂಡರ್, ಹೋರಾಟಗಾರ್ತಿಯನ್ನು ಗಡಸು ಮುಖದ ಮುದುಕಿಯಾಗಿ ತೋರಿಸುವ ಗಂಡಸರ ರೂಢಿಯನ್ನು ಮುರಿದು, ಚುರುಕಾದ ತರುಣಿಯಾಗಿ ತೋರಿಸಿದಳು. 1915ರಲ್ಲಿ ಒಹಾಯೊದ ಕೊಲಂಬಸ್‌ನ ‘ಮಾನಿಟರ್’ ಸೇರಿದ ಎಡ್ವಿನಾ ಡಮ್‌ಳನ್ನು ದೇಶದ ಮೊದಲ ಪೂರ್ಣಾವಧಿ ಸಂಪಾದಕೀಯ ವ್ಯಂಗ್ಯಚಿತ್ರಕಾರ್ತಿ ಎಂದು ಗುರುತಿಸುತ್ತಾರೆ.

ಮನ್ನಣೆ ಮತ್ತು ಉಳಿಕೆ

ಪುಲಿಟ್ಜರ್ ಪ್ರಶಸ್ತಿಗೆ ಸಂಪಾದಕೀಯ ವ್ಯಂಗ್ಯಚಿತ್ರದ ವಿಭಾಗ ಸೇರಿದ್ದು 1922ರಲ್ಲಿ. ಮೊದಲ ಪ್ರಶಸ್ತಿ ‘ನ್ಯೂಯಾರ್ಕ್ ವರ್ಲ್ಡ್’ನ ರಾಲಿನ್ ಕರ್ಬಿಗೆ (1875–1952) ಸಂದಿತು, 1925 ಮತ್ತು 1929ರಲ್ಲಿ ಮತ್ತೆ ಅವನೇ ಪಡೆದ. ಪಾನನಿರೋಧದ ಕಾಲಕ್ಕೆ ಅವನು ಸೃಷ್ಟಿಸಿದ ‘ಮಿಸ್ಟರ್ ಡ್ರೈ’ ಕಪ್ಪು ಕೋಟು, ಎತ್ತರದ ಟೋಪಿ, ಕೊಡೆಯ ಒಣಕಲ. ಡಾರ್ಲಿಂಗ್‌ಗೆ 1924 ಮತ್ತು 1943ರಲ್ಲಿ, ಮೆಕ್‌ಕಚನ್‌ಗೆ 1932ರಲ್ಲಿ, ಬೆರಿಮನ್‌ಗೆ 1944ರಲ್ಲಿ ಪ್ರಶಸ್ತಿ ಬಂತು. ಅಷ್ಟರಲ್ಲಿ ಹಂಚಿಕೆ ಸಂಸ್ಥೆಗಳು ಒಂದೇ ಚಿತ್ರವನ್ನು ಹತ್ತಾರು ಊರುಗಳ ಪತ್ರಿಕೆಗಳಿಗೆ ಮಾರುತ್ತಿದ್ದವು, ಊರೂರಿನ ಜಗಳ ಬರೆಯುವ ಕೈಗಳು ಕಡಿಮೆಯಾದವು, ಮುಖಪುಟದ ಜಾಗವನ್ನು ಛಾಯಾಚಿತ್ರ ಹಿಡಿದು ವ್ಯಂಗ್ಯಚಿತ್ರ ಸಂಪಾದಕೀಯ ಪುಟಕ್ಕೆ ಸರಿಯಿತು.

ಬೆರಿಮನ್ ಬರೆದ ಸುಮಾರು 2,400 ಮೂಲಚಿತ್ರಗಳು ಅವನ ಮಗಳ ಮರಣಾನಂತರ ವಾಷಿಂಗ್ಟನ್‌ನ ಅವಳ ಮನೆಯಲ್ಲಿ ಸಿಕ್ಕಿ, ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳಲ್ಲಿನ ಸೆನೆಟರ್‌ಗಳನ್ನು ಗುರುತಿಸಲು ಇಂದಿನ ನೋಡುಗರಿಗೆ ಅಡಿಟಿಪ್ಪಣಿ ಬೇಕು. ಮೂಲೆಯಲ್ಲಿ ನಿಂತ ಕರಡಿಮರಿಗೆ ಮಾತ್ರ ಬೇಡ.